ಅಪ್ಪನ ಕಂಬಳಿ, ತಾಂಬೂಲದ ಪುಸ್ತಕ

ಆ ಪುಸ್ತಕ ನಮ್ಮ ಮನೆಗೆ ಬಂದದ್ದು ತೆಂಗಿನಕಾಯಿಯ ಜೊತೆಗೆ. ಆರ್.ಟಿ. ನಗರದಲ್ಲಿ ನನ್ನ ಮಗಳ ಆಫೀಸಿನವರೊಬ್ಬರ ಗೃಹಪ್ರವೇಶವಿತ್ತು. ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ, ಹಾಗಾಗಿ ನಾನು ಹೋಗಲಿಲ್ಲ. ಮಗಳು ಹೋಗಿ ತಾಂಬೂಲದ ಚೀಲ ತಂದಳು. ಕಾಯಿ, ಎಲೆ ಅಡಿಕೆ, ರವಿಕೆ ಬಟ್ಟೆ, ಅವುಗಳ ಕೆಳಗೆ ಅಂಗೈ ಅಗಲದ ಒಂದು ಪುಸ್ತಕ. ಈಗಿನವರು ಹೀಗೆ ಪುಸ್ತಕ ಹಂಚುತ್ತಾರೆ. ಕಾಯಿ ಚಟ್ನಿಗೆ ಹೋಯಿತು. ರವಿಕೆ ಬಟ್ಟೆಯನ್ನು ಇನ್ನೊಬ್ಬರ ತಾಂಬೂಲಕ್ಕೆ ಎತ್ತಿಟ್ಟೆವು. ಪುಸ್ತಕ ಫ್ರಿಜ್ಜಿನ ಮೇಲೆ ಬಿತ್ತು.

ಅದನ್ನು ನಾನು ಕೈಗೆತ್ತಿಕೊಂಡದ್ದು ಅಕ್ಷರಗಳು ದಪ್ಪವಾಗಿದ್ದವು ಎಂಬ ಕಾರಣಕ್ಕೆ, ಬೇರೇನೂ ಇಲ್ಲ. ನಾನು ಮೂರನೇ ಕ್ಲಾಸು ಮುಗಿಸಿದವಳಲ್ಲ. ಬಸ್ಸಿನ ಬೋರ್ಡು ಓದುತ್ತೇನೆ, ರೇಷನ್ ಅಂಗಡಿಯ ಹಲಗೆ ಓದುತ್ತೇನೆ, ಪೇಪರಿನ ದಪ್ಪಕ್ಷರ ಓದುತ್ತೇನೆ. ಪುಸ್ತಕವೆಂದರೆ ಒಂದು ಪುಟಕ್ಕೆ ಮೂರು ಸಲ ಬೇಕು. ಮೊದಲ ಸಲ ಅಕ್ಷರ ಕೂಡಿಸುವುದಕ್ಕೆ, ಎರಡನೇ ಸಲ ಪದ ಕೂಡಿಸುವುದಕ್ಕೆ, ಮೂರನೇ ಸಲ ಬರೆದವನು ಏನು ಹೇಳುತ್ತಿದ್ದಾನೆ ಎಂದು ತಿಳಿಯುವುದಕ್ಕೆ. ಬೆರಳು ಇಟ್ಟುಕೊಂಡೇ ಓದಬೇಕು. ಬೆರಳು ಎತ್ತಿದರೆ ಸಾಲು ತಪ್ಪುತ್ತದೆ.

ಅಪ್ಪ ಇದ್ದಾಗ ನನಗೆ ಮಧ್ಯಾಹ್ನ ಎಂಬುದೇ ಇರಲಿಲ್ಲ. ಉಣ್ಣಿಸುವುದು, ಒರೆಸುವುದು, ಮಗ್ಗುಲು ತಿರುಗಿಸುವುದು, ಒಗೆಯುವುದು. ಅವನಿಗೆ ನಾನೊಬ್ಬಳೇ ಮಗಳು, ನನಗೋ ಗಂಡ ಹೋಗಿ ಎಷ್ಟೋ ಕಾಲವಾಗಿತ್ತು. ಹಾಗಾಗಿ ಯಲಹಂಕದ ಈ ಮನೆಯಲ್ಲೇ ಅವನ ಮಂಚ ಹಾಕಿದೆ. ಕಾಲು ಬಿದ್ದಿತ್ತು, ಬಾಯಿ ಬಿದ್ದಿರಲಿಲ್ಲ. ಗೇಟಿನ ಸದ್ದಾದರೆ ಸಾಕು, "ಯಾರವ್ವಾ ಅದೂ?" ಎಂದು ಒಳಗಿನಿಂದ ಕೂಗುತ್ತಿದ್ದ. ಹಾಲಿನವನಿಗೂ ಕೂಗುತ್ತಿದ್ದ, ಗಾಳಿಗೆ ಬಡಿದರೂ ಕೂಗುತ್ತಿದ್ದ. "ಯಾರೂ ಇಲ್ಲ ಸುಮ್ನಿರಪ್ಪಾ" ಎಂದು ನಾನು ಅಡುಗೆ ಮನೆಯಿಂದ ಗದರುತ್ತಿದ್ದೆ. ಅವನು ಹೋದ ಮೇಲೆ ಗೇಟು ಹಾಗೇ ಬಡಿಯುತ್ತದೆ, ಕೇಳುವವರಿಲ್ಲ. ಮೊದಮೊದಲು ಅದರ ಚಿಲಕಕ್ಕೆ ಬಟ್ಟೆ ಸುತ್ತಿಬಿಟ್ಟೆ, ಸದ್ದೇ ಆಗದಿರಲಿ ಎಂದು.

ಆ ಮಧ್ಯಾಹ್ನಗಳಲ್ಲಿ ಮೆಟ್ಟಿಲ ಮೇಲೆ ಕೂತು ಈ ಪುಸ್ತಕ ಓದತೊಡಗಿದೆ. ಪುಟಕ್ಕೊಂದು ಮಾತು. ಕೋಪದ ಮೇಲೆ ಒಂದು ಪುಟ, ಧೈರ್ಯದ ಮೇಲೆ ಒಂದು, ನಾಲಿಗೆಯ ಮೇಲೆ ಒಂದು. ಎಲ್ಲ ಪುಟದ ಕೆಳಗೂ ಒಂದು ದೀಪದ ಚಿತ್ರ. ಬರೆದವನಿಗೆ ಏನೂ ಕಷ್ಟ ಬಂದಂತೆ ಕಾಣಲಿಲ್ಲ, ಬಂದಿದ್ದರೆ ಅಷ್ಟು ನೆಟ್ಟಗೆ ಬರೆಯಲು ಆಗುತ್ತಿರಲಿಲ್ಲ. ಆದರೂ ಸಮಾಧಾನವಾಗುತ್ತಿತ್ತು. ಅಕ್ಷರ ಕೂಡಿಸುವಷ್ಟು ಹೊತ್ತು ತಲೆಯಲ್ಲಿ ಬೇರೆ ಏನೂ ಇರುತ್ತಿರಲಿಲ್ಲ. ಮೂರನೇ ಸಲಕ್ಕೆ ಅರ್ಥವಾದಾಗ ಯಾರೋ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಆಗುತ್ತಿತ್ತು. ನನ್ನ ಮಗಳು ನೋಡಿ ನಗುತ್ತಿದ್ದಳು. "ಏನಮ್ಮಾ, ಎಕ್ಸಾಂ ಇದ್ಯಾ?" "ಇದೆ ಕಣೇ, ನಿನಗೇ ಪಾಠ ಹೇಳಕ್ಕೆ ಓದ್ತಿದೀನಿ" ಎನ್ನುತ್ತಿದ್ದೆ.

ಈಗ ಕಂಬಳಿಯ ವಿಷಯ.

ಅಪ್ಪ ಜಾಲಹಳ್ಳಿಯ ಕಡೆ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದ. ಕತ್ತಲಿರುವಾಗಲೇ ಎದ್ದು ಸೈಕಲ್ಲಿನಲ್ಲಿ ಹೋಗುತ್ತಿದ್ದ, ಹೋಗಿ ಆಳೆತ್ತರದ ಸೌಟಿನಲ್ಲಿ ಉಪ್ಪಿಟ್ಟು ತಿರುವುತ್ತಿದ್ದ. ಮನೆಯಲ್ಲಿ ಉಪ್ಪಿಟ್ಟು ಮಾಡಿದರೆ ತಟ್ಟೆ ತಳ್ಳುತ್ತಿದ್ದ. ಚಳಿಗೂ ಅದೇ ಕಂಬಳಿ, ಮಳೆಗೂ ಅದೇ. ಮಳೆ ಬಂದರೆ ಅದನ್ನೇ ಮಡಚಿ ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದ. ಸಣ್ಣವಳಿದ್ದಾಗ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ನಾನು ಕೂತರೆ ಆ ಕೊಪ್ಪೆಯೊಳಗೆ ಇಬ್ಬರೂ ಇರುತ್ತಿದ್ದೆವು. ಒಳಗೆ ಕುರಿಯ ವಾಸನೆ, ಬೀಡಿಯ ವಾಸನೆ, ಒಗ್ಗರಣೆಯ ವಾಸನೆ. ಆ ಕಂಬಳಿ ಬೇರೆ, ನಾನು ಹೇಳುತ್ತಿರುವುದು ಬೇರೆ. ಅವನು ಜೀವಮಾನದಲ್ಲಿ ಎಷ್ಟೋ ಕಂಬಳಿ ಸವೆಸಿದ. ಇದು ಕೊನೆಯದು. ಇದರ ಅಂಚು ಬಿಟ್ಟುಕೊಂಡಿದ್ದಾಗ ಅವನ ತಂಗಿ, ನನ್ನ ಸೋದರತ್ತೆ, ಕೆಂಪು ದಾರದಲ್ಲಿ ಹೊಲಿದುಕೊಟ್ಟಿದ್ದಳು.

ಮಲಗಿದ್ದಲ್ಲೇ ಎಲ್ಲ ಆಗತೊಡಗಿದ ಮೇಲೂ ಅಪ್ಪ ಈ ಕಂಬಳಿ ಬಿಡಲಿಲ್ಲ. ಮಗಳು ತಂದ ಮೆತ್ತನೆಯ ರಗ್ಗನ್ನು ಕೈಯಿಂದ ತಳ್ಳಿದ. ಕಂಬಳಿ ನೆನೆಯುತ್ತಿತ್ತು. ನೆನೆದ ಕಂಬಳಿ ಎತ್ತಿದವರಿಗೆ ಗೊತ್ತು, ಅದರ ಭಾರ ಎಷ್ಟೆಂದು. ನಾನೂ ಮಗಳೂ ಎರಡು ತುದಿ ಹಿಡಿದು ಹಿಂಡುತ್ತಿದ್ದೆವು. ಎಷ್ಟು ಒಗೆದರೂ ಉಚ್ಚೆಯ ವಾಸನೆ ಹೋಗುತ್ತಿರಲಿಲ್ಲ. ಅದನ್ನು ಮುಟ್ಟಿದಾಗಲೆಲ್ಲ ನಾನು ಕೆಂಪು ಸೋಪು ಹಾಕಿ ಕೈ ಉಜ್ಜುತ್ತಿದ್ದೆ. ಅವನ ಮಂಚದಿಂದ ಬಚ್ಚಲ ನಲ್ಲಿ ಕಾಣುತ್ತಿತ್ತು. ಒಂದು ಸಲ ನನ್ನನ್ನೇ ನೋಡುತ್ತಾ ಮಲಗಿದ್ದವನು, "ಅಷ್ಟು ಉಜ್ಜಬ್ಯಾಡ ಕಣವ್ವಾ, ಚರ್ಮ ಕಿತ್ತೋದಾತು" ಎಂದ. ನಗುತ್ತಾ ಹೇಳಿದನೋ, ನೊಂದು ಹೇಳಿದನೋ ತಿಳಿಯಲಿಲ್ಲ. ತಿಳಿದುಕೊಳ್ಳಲು ನಾನು ತಿರುಗಿ ನೋಡಲೂ ಇಲ್ಲ. ಇನ್ನೊಂದು ಸಲ ಸೋಪು ಹಾಕಿಕೊಂಡೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಸತ್ತವರ ಕಂಬಳಿಯನ್ನು ವರ್ಷ ತುಂಬುವವರೆಗೆ ಮನೆಯಿಂದ ಆಚೆ ಕಳಿಸುವಂತಿಲ್ಲ. ವರ್ಷದ ತಿಥಿಯ ದಿನ ಅದನ್ನೇ ಹಾಸಿ ಗದ್ದುಗೆ ಮಾಡಿ, ಅದರ ಮೇಲೆ ಎಡೆ ಇಡಬೇಕು. ಗದ್ದುಗೆ ಇಲ್ಲದಿದ್ದರೆ ಬಂದ ಜೀವ ಎಲ್ಲಿ ಕೂರಬೇಕು ಎಂದು ಹಿರಿಯರು ಕೇಳುತ್ತಾರೆ. ಅಪ್ಪ ಹೋದ ಮೇಲೆ ನಾನು ಕಂಬಳಿಯನ್ನು ಅಂಟುವಾಳದಲ್ಲಿ ಒಗೆದು, ಒಣಗಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸಜ್ಜೆಯ ಮೇಲೆ ಇಟ್ಟೆ. ಕವರಿನೊಳಗಿಂದಲೂ ವಾಸನೆ ಬರುತ್ತಿತ್ತು. ಅಥವಾ ನನಗೆ ಹಾಗೆ ಅನ್ನಿಸುತ್ತಿತ್ತು.

ಧನುರ್ಮಾಸದ ಚಳಿ. ಅವತ್ತು ಓದಿದ ಪುಟದಲ್ಲಿ, ಹೋದವರ ವಸ್ತುಗಳನ್ನು ಹಿಡಿದುಕೊಂಡು ಕೂರುವುದು ಅವರಿಗಾಗಿ ಅಲ್ಲ, ನಮಗಾಗಿ, ಬೇಕಾದವರಿಗೆ ಕೊಟ್ಟು ಕೈ ಖಾಲಿ ಮಾಡಿಕೊಂಡರೆ ಮನಸ್ಸೂ ಹಗುರವಾಗುತ್ತದೆ ಎಂಬ ಅರ್ಥದ ಮಾತಿತ್ತು. ಮೂರು ಸಲ ಓದಿದೆ. ನಾಲ್ಕನೇ ಸಲವೂ ಓದಿದೆ. ನಂತರ ಸ್ಟೂಲು ಹಾಕಿಕೊಂಡು ಸಜ್ಜೆಯಿಂದ ಕಂಬಳಿ ಇಳಿಸಿದೆ.

ನಮ್ಮ ಬೀದಿಯ ತುದಿಯಲ್ಲಿ ಆಗ ಒಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಪಕ್ಕದಲ್ಲೇ ಕೆಲಸದವರ ತಗಡಿನ ಶೆಡ್ಡುಗಳು. ಯಾದಗಿರಿ ಕಡೆಯ ಒಬ್ಬ ಹೆಂಗಸು ನಮ್ಮ ನಲ್ಲಿಯಲ್ಲಿ ನೀರು ಹಿಡಿಯಲು ಬರುತ್ತಿದ್ದಳು. ಹಸಿ ಬಾಣಂತಿ, ಸೆರಗಿನಲ್ಲಿ ಕೂಸು. ಅವಳ ಶೆಡ್ಡಿಗೇ ಹೋಗಿ ಕೊಟ್ಟೆ. ಅವಳು ಕಂಬಳಿ ಬಿಚ್ಚಿ ನೋಡಿದಳು.

"ಇಷ್ಟ ದೊಡ್ಡದು! ನಮಗ್ಯಾಕ್ರಿ ಯವ್ವಾ?"

"ಕೂಸಿಗೆ ಕಣಮ್ಮಾ. ಈ ತಗಡಿನಲ್ಲಿ ಚಳಿ ತಡೆಯುತ್ತಾ?"

"ಯಾರದ್ರಿ ಇದು?"

"ನಮ್ಮಪ್ಪಂದು. ಈಗಿಲ್ಲ."

ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು. ವಾಸನೆ ಬಂದಿರಬೇಕು, ಮುಖ ಮಾತ್ರ ಹಿಂಡಲಿಲ್ಲ. ನಾನು ಮನೆಗೆ ಬಂದು ಕೈ ತೊಳೆದು, ಗಟ್ಟಿಯಾಗಿ ಕಾಫಿ ಮಾಡಿಕೊಂಡು ಕುಡಿದೆ. ಪುಸ್ತಕದವನು ಹೇಳಿದಂತೆಯೇ ಹಗುರವಾಗಿತ್ತು. ಮಧ್ಯಾಹ್ನ ಗಾಢವಾಗಿ ನಿದ್ದೆ ಮಾಡಿದೆ. ಎಷ್ಟೋ ಕಾಲದ ಮೇಲೆ ಅಂಥ ನಿದ್ದೆ ಬಂದಿತ್ತು.

ಪದ್ಧತಿ ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮರೆತಿರಲಿಲ್ಲ. ಅದೆಲ್ಲ ಹಳೇ ಕಾಲದ್ದು ಎಂದುಕೊಂಡೆ. ಪುಸ್ತಕ ನನ್ನ ಪರವಾಗಿದೆಯಲ್ಲ ಎಂದುಕೊಂಡೆ.

ಆಷಾಢ ಬಂತು. ತಿಥಿ ಹತ್ತಿರವಾಯಿತು. ಹೆಸರಘಟ್ಟದಿಂದ ಸೋದರತ್ತೆಯ ಫೋನು. ಎಂಬತ್ತು ದಾಟಿದೆ, ಕಣ್ಣು ಮಂಜು, ದನಿ ಮಾತ್ರ ಊರಾಚೆಗೂ ಕೇಳಬೇಕು.

"ಕಂಬ್ಳಿ ಬಿಸ್ಲಿಗೆ ಆಕಿದ್ಯಾ? ಈಗ್ಲೇ ಆಕು. ಮಳೆ ಇಡ್ಕೊಂಡ್ರೆ ಒಣಗಾಕಿಲ್ಲ."

"ಹಾಕ್ತೀನಿ ಅತ್ತೆ" ಎಂದುಬಿಟ್ಟೆ.

ಫೋನು ಇಟ್ಟ ಮೇಲೆ ಮಗಳಿಗೆ ಹೇಳಿದೆ.

"ತಾತನ್ ಕಂಬಳಿ ಕೊಟ್ಬಿಟ್ಯಾ? ನಂಗ್ ಒಂದ್ ಮಾತ್ ಹೇಳ್ಲಿಲ್ಲ?"

"ನೀನು ಆಫೀಸಿಗೆ ಹೋಗಿದ್ದೆ."

"ಆಫೀಸಿಂದ ವಾಪಸ್ ಬರಲ್ವಾ ಅಮ್ಮಾ ನಾನು? ಸರಿ ಬಿಡು, ಯಶವಂತಪುರದಲ್ಲಿ ಕರೀ ಕಂಬಳಿ ಸಿಗತ್ತೆ. ಒಂದ್ ತಂದ್ರಾಯ್ತು. ಅಜ್ಜಿಗೆ ಕಣ್ಣೇ ಕಾಣಲ್ಲ."

"ಅವಳ ಕೈಗೆ ಕಾಣುತ್ತೆ. ಅಂಚು ಹೊಲಿದವಳೇ ಅವಳು."

ಮರುದಿನ ಬೀದಿಯ ತುದಿಗೆ ಹೋದೆ. ಶೆಡ್ಡುಗಳಿದ್ದ ಕಡೆ ಹುಲ್ಲು ಹಾಸಿ ಗಿಡ ನೆಟ್ಟಿದ್ದರು. ಕಟ್ಟಡಕ್ಕೆ ಬಣ್ಣ ಬಳಿದಾಗಿತ್ತು. ವಾಚ್‌ಮನ್ ಹೇಳಿದ, ಅವರ ಮೇಸ್ತ್ರಿ ಈಗ ಜಾಲಹಳ್ಳಿ ಹತ್ತಿರ ಇನ್ನೊಂದು ಕೆಲಸ ಹಿಡಿದಿದ್ದಾನೆ, ಅಲ್ಲಿರಬೇಕು ಎಂದು. ಬಸ್ಸು ಹತ್ತಿದೆ. ಅಪ್ಪ ಸೈಕಲ್ ತುಳಿದ ರಸ್ತೆ ಅದು. ಕಿಟಕಿಯ ಪಕ್ಕ ಕೂತು ಅವನನ್ನು ನೆನೆಯುತ್ತಾ ಹೋದೆ ಎಂದರೆ ಚೆನ್ನಾಗಿರುತ್ತದೆ. ನಾನು ನೆನೆದದ್ದು ಅತ್ತೆಯ ಬಾಯನ್ನು.

ಕೇಳುತ್ತಾ ಕೇಳುತ್ತಾ ಹೋದವಳಿಗೆ ಆ ಹೆಂಗಸು ಸಿಕ್ಕಿದಳು. ಹೊಸ ಗೋಡೆಗೆ ಪೈಪಿನಲ್ಲಿ ನೀರು ಹಿಡಿಯುತ್ತಿದ್ದಳು. ನನ್ನನ್ನು ಕಂಡು ಪೈಪು ಕೆಳಗೆ ಹಾಕಿ ಓಡಿಬಂದಳು.

"ಯವ್ವಾ, ನೀವಾ! ಇಷ್ಟ ದೂರ ಹೆಂಗ್ ಬಂದ್ರಿ? ಬರ್ರಿ, ಚಾ ಕುಡೀರಿ."

ಶೆಡ್ಡಿನೊಳಗೆ ಕೂಸು ಮಲಗಿತ್ತು. ಕೆಳಗೆ ಕಂಬಳಿ, ಮೇಲೆ ಮಡಚಿದ ಅದರ ಇನ್ನೊಂದು ಪಾಲು. ಕರೀ ಕಂಬಳಿಯ ನಡುವೆ ಮುಖ ಮಾತ್ರ ಕಾಣುತ್ತಿತ್ತು. ಹೊರಗೆ ಹನಿ ಶುರುವಾಗಿತ್ತು, ತಗಡಿನ ಮೇಲೆ ಸದ್ದು. ನಾನು ಚಹಾ ಕುಡಿದೆ. ಕುಡಿದ ಮೇಲೆ ಹೇಗೆ ಕೇಳುವುದೆಂದು ತಿಳಿಯದೆ ನೇರವಾಗಿ ಕೇಳಿದೆ.

"ಕಂಬಳಿ ಬೇಕಾಗಿತ್ತು ಕಣಮ್ಮಾ. ನಮ್ಮಪ್ಪನ ವರ್ಷದ ತಿಥಿ. ಅದನ್ನೇ ಹಾಸಬೇಕು. ಮುಗಿದ ಮೇಲೆ ನಾನೇ ವಾಪಸ್ ತಂದುಕೊಡ್ತೀನಿ."

ಅವಳು ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಒಂದೇ ಕೈಯಲ್ಲಿ ಕಂಬಳಿ ಕೊಡವಿ ಮಡಚಿದಳು. ಕೂಸು ಎಚ್ಚರವಾಗಿ ಅತ್ತಿತು.

"ಹಿರಿಯರ ಕೆಲಸ, ತಗೊಂಡ್ ಹೋಗ್ರಿ. ತರದಿದ್ರೂ ನಡೀತೈತ್ರಿ. ನಿಮ್ದ ಅಲ್ಲೇನ್ರಿ."

ಬೈದಿದ್ದರೆ ಚೆನ್ನಾಗಿತ್ತು. ಕೊಟ್ಟದ್ದನ್ನು ಕೇಳಲು ಬಂದಳಲ್ಲ ಈ ಮುದುಕಿ ಎಂದಿದ್ದರೆ ನಾನೂ ಎರಡು ಮಾತು ಆಡಿ ಹಗುರವಾಗುತ್ತಿದ್ದೆ. ಬಸ್ಸಿನಲ್ಲಿ ಕಂಬಳಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಹಸಿ ಉಚ್ಚೆ, ಹಾಲು, ಸೌದೆಯ ಹೊಗೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಎದ್ದು ಹೋಗಿ ನಿಂತುಕೊಂಡಳು.

ಒಗೆಯೋಣವೆಂದರೆ ಮಳೆ ಬಿಡಲಿಲ್ಲ. ಕಂಬಳಿ ನೆನೆಸಿದರೆ ತಿಥಿಯ ಹೊತ್ತಿಗೆ ಒಣಗುವುದಿಲ್ಲ. ಹಾಗೇ ಬಾಗಿಲ ಮೇಲೆ ಹರವಿ ಗಾಳಿಗೆ ಬಿಟ್ಟೆ.

ತಿಥಿಯ ದಿನ ನನ್ನ ಮಗಳ ಗಂಡ ಕಂಬಳಿ ಹಾಸಿ, ಮೇಲೆ ಬಿಳೀ ಪಂಚೆ ಇಟ್ಟು ಗದ್ದುಗೆ ಮಾಡಿದ. ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ. ಉಪ್ಪಿಟ್ಟು ಇಡಲಿಲ್ಲ. ಎಡೆ ಇಟ್ಟು ಬಾಗಿಲು ಹಾಕಿ, ತೆಗೆದು, ಎಲ್ಲರೂ ನಮಸ್ಕಾರ ಮಾಡಿದ ಮೇಲೆ ಅತ್ತೆ ಗೋಡೆ ಹಿಡಿದುಕೊಂಡು ಬಂದು ಗದ್ದುಗೆಯ ಪಕ್ಕ ಕೂತಳು. ಕೈಯಾಡಿಸಿ ಅಂಚು ಹುಡುಕಿದಳು. ಕೆಂಪು ದಾರ ಸಿಕ್ಕಿತು. ಬಗ್ಗಿ ಕಂಬಳಿಗೆ ಮುಖವಿಟ್ಟು ಉಸಿರೆಳೆದುಕೊಂಡಳು.

"ನಮ್ಮಣ್ಣನ್ ವಾಸ್ನೆ" ಎಂದಳು. "ಕೊನೇಗೆ ನೋಡಕ್ ಬಂದಾಗ ಇಂಗೇ ಇತ್ತು. ಅದೇ ವಾಸ್ನೆ. ಓಗೇ ಇಲ್ಲ ನೋಡು."

ಮಗಳು ನನ್ನ ಕಡೆ ನೋಡಿದಳು. ನಾನು ಎಲೆ ಎತ್ತುವ ನೆಪ ಮಾಡಿದೆ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಊಟವಾದ ಮೇಲೆ ಹೊರಡುವಾಗ ಅತ್ತೆ ಕಂಬಳಿಯನ್ನು ಮಡಚಿ ಕಂಕುಳಿಗೆ ಇರುಕಿಕೊಂಡಳು.

"ಇದನ್ನ ನಾನ್ ತಗೊಂಡೋಗ್ತೀನಿ ಕಣೇ. ನಾನ್ ಸತ್ತಾಗ ಇದನ್ನೇ ಒದಿಸ್ಲಿ. ನಿಂಗೇನ್ ಬೇಕಿಲ್ವಲ್ಲ?"

ನಾನು ಹೇಳಿಬಿಟ್ಟೆ. ಕೊಟ್ಟದ್ದು, ತಂದದ್ದು, ವಾಪಸ್ ಕೊಡುತ್ತೇನೆಂದು ಮಾತು ಕೊಟ್ಟದ್ದು. ಈ ವಾಸನೆ ಅಪ್ಪನದಲ್ಲ, ಕೂಸಿನದು ಎಂದೂ ಹೇಳಿದೆ. ಅದೊಂದನ್ನು ಹೇಳಬೇಕಾಗಿರಲಿಲ್ಲ.

ಅತ್ತೆ ಕುರ್ಚಿಯಲ್ಲಿ ಕೂತಳು. "ಗದ್ದುಗೆ ಆಕೋ ಕಂಬ್ಳಿನ ಉಚ್ಚೆ ಉಯ್ಯೋ ಮಗೀಗ್ ಕೊಟ್ಯಾ?"

"ಅಪ್ಪನೂ ಹುಯ್ದಿದ್ದ" ಎಂದೆ.

"ಅವ್ನ್ ಉಯ್ದ. ಅವ್ನ್ ಕಂಬ್ಳಿ, ಅವ್ನ್ ಉಯ್ದ. ಯಾರ್ ಯೋಳಿದ್ರು ಕೊಡು ಅಂತ?"

"ಪುಸ್ತಕದಲ್ಲಿತ್ತು ಅತ್ತೆ. ಇಟ್ಟುಕೊಂಡು ಕೂರಬಾರದು, ಬೇಕಾದವರಿಗೆ ಕೊಡಬೇಕು ಅಂತ."

ಅತ್ತೆ ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದಳು. ದನಿ ಮೊದಲ ಬಾರಿಗೆ ತಗ್ಗಿತ್ತು. "ಪುಸ್ತಕದ್ ಮಾತ್ ನನ್ ಅತ್ರ ಆಡಬ್ಯಾಡ. ಮುಟ್ಟಕ್ಕೆ ಯೇಸ್ಗೆ ಆಗ್ತಿತ್ತು, ಅದ್ಕೆ ಕೊಟ್ಟೆ. ಅಲ್ವಾ?"

ಮಗಳು, "ಅಜ್ಜಿ, ಎರಡ್ ವರ್ಷ ಒಬ್ಬಳೇ ನೋಡ್ಕೊಂಡಿದಾಳೆ ಅಮ್ಮ" ಎಂದು ನಡುವೆ ಬಂದಳು. "ನೋಡ್ಕೊಂಡ್ಳು, ಇಲ್ಲ ಅಂದ್ನಾ?" ಎಂದಳು ಅತ್ತೆ. "ಅದಕ್ಕೇ ಕೇಳ್ತಿರೋದು. ನೋಡ್ಕೊಳ್ದೇ ಇದ್ದೋರ್ನ ಏನ್ ಕೇಳಾನಾ?"

ಕಂಬಳಿಯನ್ನು ತೊಡೆಯ ಮೇಲೆ ಬಿಡಿಸಿಕೊಂಡು, "ಕತ್ರಿ ತತ್ತಾ" ಎಂದಳು. ತಂದುಕೊಟ್ಟೆ. ಕಣ್ಣು ಕಾಣದವಳು ಬೆರಳಿನಿಂದಲೇ ಅಳೆದು, ಕೆಂಪು ದಾರ ದಟ್ಟವಾಗಿದ್ದ ಒಂದು ಮೂಲೆಯನ್ನು ತೋರಿಸಿದಳು. "ನಾನ್ ಒಲ್ದಿದ್ದು ನಂಗಿರ್ಲಿ. ಮಿಕ್ಕಿದ್ದು ಮಗೀಗ್ ಕೊಡು. ಕೊಡ್ತೀನಿ ಅಂದಿದ್ಯಲ್ಲ, ಅದನ್ನಾದ್ರೂ ಮಾಡು." ಕಂಬಳಿ ಕತ್ತರಿಗೆ ಬಗ್ಗಲಿಲ್ಲ. ಮಗಳು ಒಂದು ಕಡೆ ಎಳೆದು ಹಿಡಿದಳು, ನಾನು ಕೊಯ್ದೆ. ಅಂಗೈ ಅಗಲದ ತುಂಡು, ಹೆಚ್ಚು ಕಡಿಮೆ ಆ ಪುಸ್ತಕದಷ್ಟೇ. ಅತ್ತೆ ಅದನ್ನು ಎಲೆ ಅಡಿಕೆಯ ಚೀಲದಲ್ಲಿ ಹಾಕಿಕೊಂಡಳು. ಹೊರಡುವಾಗ ಎಂದಿನಂತೆ ನನ್ನ ತಲೆ ಮುಟ್ಟಲಿಲ್ಲ.

ಮರುದಿನವೇ ಜಾಲಹಳ್ಳಿಗೆ ಹೋದೆ. ಆ ಹೆಂಗಸು ಕಂಬಳಿ ಬಿಚ್ಚಿ ಕೂಸಿಗೆ ಹಾಸುವಾಗ ಕೊಯ್ದ ಮೂಲೆ ಕಂಡಳು.

"ಮೂಲಿ ಏನಾತ್ರಿ ಯವ್ವಾ?"

"ಇಲಿ ಕಡೀತು" ಎಂದೆ.

ಅವಳು ಆ ನೆಟ್ಟಗಿನ ಕೊಯ್ತವನ್ನು ಬೆರಳಿನಿಂದ ಸವರಿದಳು. ಇಲಿ ಅಷ್ಟು ಚೊಕ್ಕವಾಗಿ ಕಡಿಯುವುದಿಲ್ಲವೆಂದು ಯಾರಿಗಾದರೂ ಗೊತ್ತು. "ಊರ ತುಂಬ ಇಲಿ ಆಗ್ಯಾವ್ರಿ" ಎಂದಳು. ಕೂಸನ್ನು ಅದರ ಮೇಲೆ ಮಲಗಿಸಿದಳು. ಅದು ಕಾಲು ಝಾಡಿಸಿ ಕಂಬಳಿಯನ್ನು ಹಿಡಿದುಕೊಂಡಿತು. ನಾನು ಸ್ವಲ್ಪ ಹೊತ್ತು ನೋಡಿ ಬಂದೆ.

ಮನೆಗೆ ಬಂದಾಗ ಮಧ್ಯಾಹ್ನ. ಗೇಟಿನ ಚಿಲಕಕ್ಕೆ ಸುತ್ತಿದ್ದ ಬಟ್ಟೆ ಮಳೆಗೆ ಕೊಳೆತು ಬಿದ್ದುಹೋಗಿತ್ತು, ನಾನು ಒಳಗೆ ಬರುವಾಗ ಗೇಟು ಬಡಿಯಿತು. ಒಳಗಿನಿಂದ ಯಾರೂ ಕೂಗಲಿಲ್ಲ. ಪುಸ್ತಕವನ್ನು ಹಳೇ ಪೇಪರಿನವನಿಗೆ ಹಾಕಿಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಹಾಕಲಿಲ್ಲ. ಅದರ ತಪ್ಪೇನು? ಅದು ತನ್ನ ಪಾಡಿಗೆ ಫ್ರಿಜ್ಜಿನ ಮೇಲೆ ಬಿದ್ದಿತ್ತು. ನನಗೆ ಬೇಕಾದ ಪುಟವನ್ನು ನಾನೇ ನಾಲ್ಕು ಸಲ ಓದಿದ್ದೆ.

ಈಗಲೂ ಅದನ್ನು ಓದುತ್ತೇನೆ. ಸಮಾಧಾನ ಈಗಲೂ ಆಗುತ್ತದೆ. ನನ್ನಂಥವಳಿಗೆ ಅಷ್ಟು ಸುಲಭವಾಗಿ ಆಗಬಾರದು ಎನ್ನಿಸುತ್ತದೆ, ಆದರೆ ಆಗುತ್ತದೆ. ಅದನ್ನು ಯಾರಿಗೆ ಹೇಳಿಕೊಳ್ಳಲಿ.

ಅವತ್ತು ಮೆಟ್ಟಿಲ ಮೇಲೆ ಕೂತು ಹೊಸ ಪುಟ ತೆಗೆದೆ. ಕೈಯಲ್ಲಿ ಕಂಬಳಿಯ ವಾಸನೆ ಇತ್ತು. ಬಚ್ಚಲ ನಲ್ಲಿ ಎದುರಿಗೇ ಕಾಣುತ್ತಿತ್ತು, ಸೋಪೂ ಅಲ್ಲೇ ಇತ್ತು. ಏಳಲಿಲ್ಲ. ತೊಳೆಯದ ಬೆರಳನ್ನೇ ಮೊದಲ ಅಕ್ಷರದ ಮೇಲಿಟ್ಟು ಓದಲು ಶುರು ಮಾಡಿದೆ.